ಓದುವ ಮಕ್ಕಳಿಗೆ ಬುತ್ತಿ ಕಳುಹುವ ಬಗೆ

ಮುಂಗಾರಿನ ಮೊದಲ ಮಳೆಗಳೊಡನೆ ಕಾಲೇಜುಗಳ ಬಾಗಿಲು ತೆರೆದು, ಕೊಪ್ಪಳ ಸೀಮೆಯ ಹಳ್ಳಿಗಳಿಂದ ಹುಡುಗರೂ ಹುಡುಗಿಯರೂ ಟ್ರಂಕು ಹಾಸಿಗೆಗಳನ್ನು ಹೊತ್ತು ಧಾರವಾಡ, ಬಳ್ಳಾರಿ, ಕಲಬುರಗಿ, ಬೆಂಗಳೂರುಗಳ ದಾರಿ ಹಿಡಿದ ಮೇಲೆ, ವಾರವೊಂದು ಕಳೆಯುವುದರೊಳಗಾಗಿ ಅವರವರ ಮನೆಗಳಲ್ಲಿ ಏಳುವ ಮೊದಲನೆಯ ಪ್ರಶ್ನೆ ಪಾಠಪ್ರವಚನಗಳಿಗೆ ಸಂಬಂಧಿಸಿದುದಾಗಿರುವುದಿಲ್ಲ. ಮಗು ಅಲ್ಲಿ ಏನು ಉಣ್ಣುತ್ತಿದೆ ಎಂಬುದೇ ಆಗಿರುತ್ತದೆ. ಹೊಸಪೇಟೆಯಿಂದ ತುಂಗಭದ್ರೆಯನ್ನು ದಾಟಿ ಕೊಪ್ಪಳದ ಕಡೆಗೆ ಬರುವ ಹಾದಿಯಲ್ಲಿರುವ ಹಿಟ್ನಾಳದಂಥ ಊರಿನ ಕ್ರಾಸಿನಲ್ಲಿ ಬೆಳಗಿನ ಹೊತ್ತು ಸ್ವಲ್ಪ ನಿಂತು ನೋಡಿದವರಿಗೆ ಆ ಪ್ರಶ್ನೆಗೆ ಊರು ಕಂಡುಕೊಂಡಿರುವ ಉತ್ತರವೂ ಕಣ್ಣಿಗೆ ಬೀಳುತ್ತದೆ. ಬಿಳಿಯ ಪಂಜೆಯ ತುಂಡಿನಲ್ಲಿ ಬಿಗಿದು ಕಟ್ಟಿದ ಗಂಟನ್ನು ಎರಡು ಕೈಯಲ್ಲಿ ಹಿಡಿದ ತಾಯಿ, ಬಸ್ಸು ನಿಂತೊಡನೆ, "ಯಣ್ಣಾ, ಇದೊಂದು ಧಾರವಾಡದಾಗ ಇಳಿಸಿಬಿಡ್ರಿ, ನಮ್ಮ ಹುಡುಗ ಸ್ಟ್ಯಾಂಡಿಗೆ ಬಂದು ಒಯ್ತಾನ" ಎನ್ನುತ್ತಾಳೆ. ಕಂಡಕ್ಟರನು ಗೊಣಗುತ್ತಲೋ ನಗುತ್ತಲೋ ಅದನ್ನು ಚಾಲಕನ ಆಸನದ ಹಿಂದಕ್ಕೆ ಸೇರಿಸುತ್ತಾನೆ.

ಈ ಪದ್ಧತಿ ಇಂದು ನಿನ್ನೆಯದಲ್ಲ. ಕೊಪ್ಪಳವು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದು ರಾಜ್ಯದ ರಾಯಚೂರು ಜಿಲ್ಲೆಯ ಭಾಗವಾಗಿದ್ದು, ಉಚ್ಚ ವಿದ್ಯಾಭ್ಯಾಸವನ್ನು ಬಯಸಿದವನು ಒಂದೋ ಹೈದರಾಬಾದಿಗೆ, ಇಲ್ಲವೇ ಗಡಿಯಾಚೆ ಧಾರವಾಡಕ್ಕೆ ಹೋಗಬೇಕಾಗಿದ್ದಿತು. ಕರ್ನಾಟಕ ಕಾಲೇಜು ಧಾರವಾಡದಲ್ಲಿ ಸ್ಥಾಪಿತವಾದುದು 1917ರಲ್ಲಿ. ಅಂಥ ಊರುಗಳಲ್ಲಿ ಬಡ ವಿದ್ಯಾರ್ಥಿಗಳು ವಾರಾನ್ನವನ್ನೋ ಮಠಗಳ ಪ್ರಸಾದ ನಿಲಯಗಳನ್ನೋ ಆಶ್ರಯಿಸಿ ಓದಿದರು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಇಂಥ ವಿದ್ಯಾರ್ಥಿಗಳಿಗೆ ಆಶ್ರಯವಿತ್ತ ಕಾರ್ಯದಿಂದಲೇ ಉತ್ತರ ಕರ್ನಾಟಕದಲ್ಲೆಲ್ಲ ಪ್ರಾತಃಸ್ಮರಣೀಯರಾದರು. ಕೊಪ್ಪಳವು ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಅದಕ್ಕೆ ವೈದ್ಯಕೀಯ ಕಾಲೇಜು ದೊರೆತುದು 2015ರಲ್ಲಿ. ತನ್ನದೇ ಆದ ವಿಶ್ವವಿದ್ಯಾಲಯ ಬಂದುದು 2023ರಲ್ಲಿ. ಇಷ್ಟೆಲ್ಲ ಆದ ಮೇಲೂ ಕುಷ್ಟಗಿ, ಯಲಬುರ್ಗಾಗಳ ಮಕ್ಕಳು ಸ್ಪರ್ಧಾ ಪರೀಕ್ಷೆಯ ತರಬೇತಿಗೆಂದು ಧಾರವಾಡದಲ್ಲಿ ನಾಲ್ಕಾರು ಮಂದಿ ಸೇರಿ ರೂಮು ಮಾಡುವುದು ನಿಂತಿಲ್ಲ. ಆದುದರಿಂದ ಬುತ್ತಿಯ ಪ್ರಯಾಣವೂ ನಿಂತಿಲ್ಲ.

ಈಚೆಗೆ ಪೇಟೆಗಳಲ್ಲಿ ಬಣ್ಣದ ಹಾಳೆ ಸುತ್ತಿ, ರೇಷ್ಮೆ ಪಟ್ಟಿ ಕಟ್ಟಿದ ಉಡುಗೊರೆ ಬುಟ್ಟಿಗಳು ಸಿದ್ಧವಾಗಿ ದೊರೆಯುತ್ತವೆ. ಫೋನಿನ ಮೇಲೆ ಬೆರಳೊತ್ತಿದರೆ ಅವು ವಿದ್ಯಾರ್ಥಿಯ ಹಾಸ್ಟೆಲಿನ ಬಾಗಿಲನ್ನೇ ಮುಟ್ಟುತ್ತವೆ. ಮದುವೆಗೋ ದೀಪಾವಳಿಗೋ ಅವು ಶೋಭಿಸಬಹುದು. ಆದರೆ ಬುಟ್ಟಿಯ ಅರ್ಧವನ್ನು ಹುಲ್ಲಿನಂತೆ ಕತ್ತರಿಸಿದ ಕಾಗದವೇ ತುಂಬಿಕೊಂಡು, ಉಳಿದರ್ಧದಲ್ಲಿ ನಾಲ್ಕು ಬಾದಾಮಿ, ಎರಡು ಚಾಕಲೇಟು, ಒಂದು ಶುಭಾಶಯ ಪತ್ರ ಇವಿಷ್ಟೇ ಇರುವ ಈ ಅಲಂಕಾರಕ್ಕೆ ಕೊಡುವ ಹಣದಲ್ಲಿ, ಮೆಸ್ಸಿನ ತೆಳುಸಾರಿನಿಂದ ಬೇಸತ್ತ ಹುಡುಗನಿಗೆ ತಿಂಗಳಿಗಾಗುವಷ್ಟು ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿಗಳನ್ನು ಮಾಡಿ ಕಳುಹಬಹುದೆಂಬುದನ್ನು ನೆನೆದರೆ, ನನ್ನ ಮತವು ಯಾವ ಪಕ್ಷದ ಕಡೆಗೆಂಬುದನ್ನು ವಿವರಿಸಬೇಕಾದುದಿಲ್ಲ. ನಮ್ಮ ಸೀಮೆಯ ಏಪ್ರಿಲಿನಲ್ಲಂತೂ ಚಾಕಲೇಟು ದಾರಿಯಲ್ಲಿಯೇ ಪಾಯಸವಾಗುತ್ತದೆ.

ಆದರೆ ಮನೆಯಲ್ಲಿ ಕಟ್ಟಿದ ಮಾತ್ರಕ್ಕೆ ಬುತ್ತಿ ಸಾರ್ಥಕವಾಗುವುದೆಂದು ತಿಳಿಯುವುದೂ ತಪ್ಪು. ಹಾಸ್ಟೆಲಿನ ಮಂಚದಡಿಯಲ್ಲಿ ಬೂಷ್ಟು ಹಿಡಿದ ಹೋಳಿಗೆ, ಮುಗ್ಗಿದ ಅವಲಕ್ಕಿ, ಇರುವೆ ಮುತ್ತಿದ ಉಂಡಿ ಇವುಗಳನ್ನು ಕಂಡವರಿಗೆಲ್ಲ ಗೊತ್ತಿರುವ ಸಂಗತಿಯೆಂದರೆ, ಬುತ್ತಿಯನ್ನು ಕಳುಹುವವರ ಅಕ್ಕರೆಯನ್ನು ಅನುಸರಿಸಿ ಅಳೆಯದೆ, ಅದು ಸವೆಸಬೇಕಾದ ದಾರಿ, ಅದನ್ನು ಇರಿಸಬೇಕಾದ ಕೋಣೆ, ಅದಕ್ಕೆ ಕೈ ಹಾಕುವ ಮಂದಿ ಇವನ್ನು ಅನುಸರಿಸಿ ಅಳೆಯಬೇಕು. ಒಮ್ಮೆಗೇ ಮೂಟೆಯನ್ನು ಕಳುಹಿ ಎರಡು ತಿಂಗಳು ಸುಮ್ಮನಾಗುವುದಕ್ಕಿಂತ ಹದಿನೈದು ದಿನಕ್ಕೊಮ್ಮೆ ಸಣ್ಣ ಗಂಟನ್ನು ಕಳುಹುವುದು ಎಲ್ಲ ವಿಧದಲ್ಲಿಯೂ ಲೇಸು. ಕೋಣೆಯಲ್ಲಿ ನಾಲ್ವರಿದ್ದರೆ ನಾಲ್ವರಿಗೆಂದೇ ಕಟ್ಟಬೇಕು. ಬುತ್ತಿ ಬಿಚ್ಚಿದ ಕೋಣೆಯಲ್ಲಿ ಒಬ್ಬನೇ ಕುಳಿತು ಉಣ್ಣುವ ಪದ್ಧತಿ ನಮ್ಮ ಹುಡುಗರಲ್ಲಿಲ್ಲ, ಇರಬಾರದು ಕೂಡ. ತಾಯಿ ಲೆಕ್ಕ ಹಾಕಿ ವಾರಕ್ಕೆಂದು ಕಳುಹಿದುದು ಮೊದಲ ರಾತ್ರಿಯೇ ಮುಗಿದುಹೋದರೆ ಅದು ಹುಡುಗನ ತಪ್ಪಲ್ಲ, ಲೆಕ್ಕದ ತಪ್ಪು.

ಇನ್ನು ಬುತ್ತಿಯ ಒಡಲಿಗೆ ಬರೋಣ. ನಮ್ಮ ಭಾಗದಲ್ಲಿ ಅದರ ಮೊದಲನೆಯ ವಸ್ತು ಕಟಕ ರೊಟ್ಟಿ. ಬಿಸಿಯ ಮೆತ್ತನೆಯ ರೊಟ್ಟಿಯೂ ಕಟಕ ರೊಟ್ಟಿಯೂ ಒಂದೇ ಜೋಳದ ಹಿಟ್ಟಿನ ಮಕ್ಕಳಾದರೂ ಆಯುಸ್ಸಿನಲ್ಲಿ ಅಜಗಜಾಂತರ: ಮೆತ್ತನೆಯದರಲ್ಲಿ ಉಳಿದ ನೀರಿನಂಶವು ಮಾರನೆಯ ದಿನಕ್ಕೇ ಬೂಷ್ಟನ್ನು ಕರೆಯುತ್ತದೆ, ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಒಲೆಯ ಪಕ್ಕದಲ್ಲಿ ಆನಿಸಿ ನೀರಿನಂಶವೆಲ್ಲ ಹೋಗುವಂತೆ ಒಣಗಿಸಿದುದಾದರೋ ತಿಂಗಳು ಕಳೆದರೂ ಕೆಡದು. ಇದಕ್ಕೆ ಸಾಕ್ಷ್ಯ ಬೇಕಾದವರು ಕೊಪ್ಪಳದ ಗವಿಮಠದ ಜಾತ್ರೆಯನ್ನು ನೋಡಬೇಕು. ಪುಷ್ಯಮಾಸದಲ್ಲಿ ನಡೆಯುವ ಆ ಮಹಾದಾಸೋಹಕ್ಕೆ ಸುತ್ತಲಿನ ಊರೂರುಗಳ ಹೆಣ್ಣುಮಕ್ಕಳು ದಿನಗಳ ಮುಂಚಿತವಾಗಿಯೇ ಕೂಡಿ ರೊಟ್ಟಿ ಬಡಿದು, ಟ್ರ್ಯಾಕ್ಟರುಗಳಲ್ಲಿ ಹೇರಿ, ಮೆರವಣಿಗೆಯಲ್ಲಿ ತಂದು ಮಠಕ್ಕೆ ಅರ್ಪಿಸುವ ಲಕ್ಷಾಂತರ ರೊಟ್ಟಿಗಳು ಜಾತ್ರೆ ಮುಗಿಯುವವರೆಗೂ ಗರಿಗರಿಯಾಗಿ ನಿಲ್ಲುತ್ತವೆ. ಲಕ್ಷಗಟ್ಟಲೆ ಜನಕ್ಕೆ ಉಣಬಡಿಸುವ ವಿದ್ಯೆಯೇ ಒಂದು ಹಾಸ್ಟೆಲಿನ ಕೋಣೆಗೂ ಸಾಲುತ್ತದೆ. ಸಜ್ಜೆಯ ರೊಟ್ಟಿಯ ವಿಷಯದಲ್ಲಿ ಮಾತ್ರ ಒಂದು ಎಚ್ಚರ: ಸಜ್ಜೆಯಲ್ಲಿ ಜಿಡ್ಡಿನಂಶ ಹೆಚ್ಚಾಗಿರುವುದರಿಂದ ಅದರ ಹಿಟ್ಟು ಬೀಸಿದ ಕೆಲವೇ ದಿನಗಳಲ್ಲಿ ಕಹಿಯಾಗತೊಡಗುತ್ತದೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಕಳುಹುವುದಾದರೆ ಹಿಟ್ಟು ಆಗತಾನೇ ಬೀಸಿದುದಾಗಿರಬೇಕು.

ರೊಟ್ಟಿ ಕಟ್ಟುವುದರಲ್ಲಿಯೂ ಒಂದು ಹದವಿದೆ. ಒಲೆಯಿಂದಿಳಿದ ರೊಟ್ಟಿಯನ್ನು ರಾತ್ರಿಯಿಡೀ ಗಾಳಿಗೆ ಆರಲು ಬಿಟ್ಟು, ಬೆಚ್ಚನೆಯ ಸುಳಿವೂ ಉಳಿದಿಲ್ಲವೆಂದು ಅಂಗೈಯಿಟ್ಟು ನೋಡಿದ ಮೇಲೆಯೇ ಒಂದರ ಮೇಲೊಂದು ಜೋಡಿಸಬೇಕು. ಇಲ್ಲವಾದರೆ ಒಳಗಿನ ಆವಿಯೇ ಬೆವರಾಗಿ ಇಡೀ ಅಟ್ಟಿಯನ್ನು ಮೆತ್ತಗೆ ಮಾಡುತ್ತದೆ. ಒಣಗುವಾಗ ರೊಟ್ಟಿ ಕೊಂಚ ಬಾಗುವುದು ಸ್ವಾಭಾವಿಕ. ಆ ಬಾಗು ಎಲ್ಲವುಗಳಲ್ಲಿಯೂ ಒಂದೇ ಕಡೆಗಿರುವಂತೆ ಜೋಡಿಸಿದರೆ ನಡುವೆ ಪೊಳ್ಳು ಉಳಿಯುವುದಿಲ್ಲ, ಪೊಳ್ಳಿಲ್ಲದ ಕಡೆ ಮುರಿಯುವುದೂ ಇಲ್ಲ. ಹೀಗೆ ಜೋಡಿಸಿದ ಅಟ್ಟಿಯನ್ನು ಒಗೆದು ಒಣಗಿಸಿದ ಹತ್ತಿಯ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ರೊಟ್ಟಿಗಿಂತ ಬೆರಳಗಲ ಮಾತ್ರ ದೊಡ್ಡದಾದ ಡಬ್ಬಿಯಲ್ಲಿಟ್ಟು, ಸುತ್ತಲಿನ ತೆರವಿಗೆ ಬಟ್ಟೆಯನ್ನೇ ತುರುಕಬೇಕು. ವೃತ್ತಪತ್ರಿಕೆಯನ್ನು ಆಹಾರಕ್ಕೆ ತಗಲುವಂತೆ ಸುತ್ತುವ ಅಭ್ಯಾಸ ನಮ್ಮಲ್ಲಿ ಸಾರ್ವತ್ರಿಕವಾಗಿದ್ದರೂ ಅದನ್ನು ಬಿಡತಕ್ಕದ್ದು. ಮುದ್ರಣದ ಮಸಿಯಲ್ಲಿರುವ ವಸ್ತುಗಳು ಎಣ್ಣೆಯೊಡನೆ ಬೆರೆತು ಹೊಟ್ಟೆಗೆ ಸೇರುವುದರಿಂದ, ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರ ತನ್ನ ಪ್ಯಾಕಿಂಗ್ ನಿಯಮಗಳಲ್ಲಿ ಇದನ್ನು ನಿಷೇಧಿಸಿದೆ. ಪತ್ರಿಕೆ ಬೇಕೇ ಆದರೆ ಡಬ್ಬಿಯ ಹೊರಗೆ, ರಟ್ಟಿನ ಪೆಟ್ಟಿಗೆಯ ಮೂಲೆಗಳನ್ನು ತುಂಬಲು ಇರಲಿ.

ಚಟ್ನಿಪುಡಿಗಳ ಸಂಗತಿ ಸುಲಭ: ಶೇಂಗಾ, ಗುರೆಳ್ಳು, ಅಗಸಿ, ಪುಟಾಣಿ ಇವೆಲ್ಲ ನೀರು ಸೋಕದವರೆಗೆ ದೀರ್ಘಾಯುಷಿಗಳು. ಆದರೆ ಶೇಂಗಾ, ಒಣಕೊಬ್ಬರಿಗಳಲ್ಲಿರುವ ಎಣ್ಣೆ ಬಿಸಿಲಿಗೂ ಗಾಳಿಗೂ ಮುಗ್ಗಲು ವಾಸನೆಗೆ ತಿರುಗುವುದರಿಂದ ತಿಂಗಳಿಗೆ ಸಾಲುವಷ್ಟನ್ನೇ ಕುಟ್ಟಿ, ಚಿಕ್ಕ ಚಿಕ್ಕ ಪೊಟ್ಟಣಗಳನ್ನಾಗಿ ಮಾಡಿ ಕಳುಹುವುದು ಉತ್ತಮ. ಹಸಿ ತೇವದಲ್ಲಿ ಬಿದ್ದಿದ್ದ ಶೇಂಗಾದಲ್ಲಿ ಕಣ್ಣಿಗೆ ಕಾಣದ ಬೂಷ್ಟಿನ ವಿಷ ಹುಟ್ಟುವುದುಂಟು. ಬಣ್ಣಗೆಟ್ಟ, ಸುಕ್ಕಿದ ಕಾಳುಗಳನ್ನು ಹುರಿಯುವ ಮೊದಲೇ ಆರಿಸಿ ಎಸೆಯಬೇಕು, ಹುರಿದರೆ ಸರಿಹೋದೀತೆಂದು ನಂಬಬಾರದು. ಕೆಂಪಿಂಡಿಯ ವಿಷಯ ಬೇರೆ. ಹಣ್ಣುಮೆಣಸಿನಕಾಯಿಯ ಈ ರಸವತ್ತಾದ ಖಾರವಿಲ್ಲದೆ ಬುತ್ತಿ ಬುತ್ತಿಯೇ ಅಲ್ಲವೆನ್ನುವವರು ನಮ್ಮಲ್ಲಿ ಬಹುಮಂದಿ. ಆದರೆ ಅದು ಸೋರಿದರೆ ರೊಟ್ಟಿ, ಬಟ್ಟೆ, ಪುಸ್ತಕ, ಪಕ್ಕದವರ ಬುತ್ತಿ ಎಲ್ಲವೂ ಕೆಂಪು. ಗಾಜಿನ ಬಾಟಲಿ ಬೇಡ. ತಿರುಗಣಿ ಮುಚ್ಚಳದ ಗಟ್ಟಿ ಡಬ್ಬಿಯಲ್ಲಿ ಕಂಠಮಟ್ಟಕ್ಕಿಂತ ಕೆಳಗೆ ತುಂಬಿ, ಮೇಲೆ ಎಣ್ಣೆಯ ತೆರೆ ನಿಲ್ಲುವಂತೆ ಮಾಡಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಹರವಿ ಮುಚ್ಚಳ ಬಿಗಿದು, ಅದನ್ನು ಮತ್ತೊಂದು ಚೀಲದೊಳಗಿಟ್ಟು ಕಟ್ಟಿದರೆ ಧಾರವಾಡದವರೆಗೆ ನಿಶ್ಚಿಂತೆ.

ಸಿಹಿಯಲ್ಲಿ ವಿವೇಕ ಇನ್ನೂ ಅಗತ್ಯ. ಬೇಳೆ ಬೇಯಿಸಿ ರುಬ್ಬಿದ ಹೂರಣದ ಹೋಳಿಗೆ ಬೇಸಿಗೆಯಲ್ಲಿ ಎರಡನೆಯ ದಿನಕ್ಕೆ ನಾರುತ್ತದೆ. ಅದನ್ನು ಸ್ವತಃ ಒಯ್ದು ಕೈಗೆ ಕೊಡುವಾಗ ಮಾತ್ರ ಮಾಡತಕ್ಕದ್ದು. ಹುರಿದ ಶೇಂಗಾ ಬೆಲ್ಲಗಳ ಒಣ ಹೂರಣದ ಶೇಂಗಾ ಹೋಳಿಗೆ ವಾರಕ್ಕೂ ಮಿಕ್ಕಿ ತಾಳಿಕೊಳ್ಳುತ್ತದೆ. ಕರ್ಚಿಕಾಯಿ, ಅಂಟಿನ ಉಂಡಿ, ಬೇಸನ್ ಉಂಡಿಗಳೂ ಅದೇ ಜಾತಿಯವು. ಗೋದಿಯ ಮಾದಲಿಯನ್ನು ಪುಡಿಯಾಗಿಯೇ ಕಳುಹಿದರೆ, ಮೆಸ್ಸಿನಲ್ಲಿ ದೊರೆಯುವ ಹಾಲು ಸುರಿದುಕೊಂಡು ಉಣ್ಣಬಹುದು. ಮಳೆಗಾಲದಲ್ಲಿ ಬೆಲ್ಲವು ಗಾಳಿಯ ತೇವವನ್ನು ಹೀರಿ ಜಿಗುಟಾಗುವುದರಿಂದ ಆ ದಿನಗಳಲ್ಲಿ ಚಕ್ಕುಲಿ, ಕೋಡುಬಳೆ, ಹುರಿದ ಅವಲಕ್ಕಿ, ಚೂಡಾಗಳ ಕಡೆಗೆ ಕೈ ವಾಲುವುದು ಒಳ್ಳೆಯದು; ಅವನ್ನು ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕೆಂಬುದನ್ನು ಹುಡುಗನಿಗೂ ಹೇಳಬೇಕು, ಏಕೆಂದರೆ ಹಾಸ್ಟೆಲುಗಳಲ್ಲಿ ಇಲಿಗಳಿಗೂ ಪ್ರವೇಶ ಶುಲ್ಕವಿಲ್ಲ.

ಹಣ್ಣುಗಳಲ್ಲಿ ಕುಷ್ಟಗಿಯ ದಾಳಿಂಬೆಯಷ್ಟು ಪ್ರಯಾಣಸಹಿಷ್ಣುವಾದುದು ಬೇರಿಲ್ಲ. ಮಾವಿನಹಣ್ಣನ್ನು ಕಳುಹುವವರು ದೋರಗಾಯಿಗಳನ್ನು ಆರಿಸಿ ಹುಲ್ಲಿನ ನಡುವೆ ಇಟ್ಟು ಕಳುಹಿದರೆ ಅವು ಕೋಣೆಯಲ್ಲಿಯೇ ಮಾಗುತ್ತವೆ. ತಾವೇ ಅಡುಗೆ ಮಾಡಿಕೊಳ್ಳುವ ರೂಮಿನ ಹುಡುಗರಿಗೆ ಗಂಗಾವತಿಯ ಸೋನಾ ಮಸೂರಿ ಅಕ್ಕಿ ಐದೈದು ಕಿಲೋ ಕಳುಹುವುದು ಪೇಟೆಯ ಅಂಗಡಿಯ ಲೆಕ್ಕವನ್ನು ಬಹಳಮಟ್ಟಿಗೆ ಇಳಿಸುತ್ತದೆ. ಅಕ್ಕಿಯ ಚೀಲದಲ್ಲಿ ಒಣ ಬೇವಿನೆಲೆ ಹಾಕುವುದನ್ನು ಮರೆಯಬೇಡಿ.

ತಿನಿಸಲ್ಲದೆ ಬೇರೇನನ್ನು ಕಳುಹಬಹುದೆಂದು ಕೇಳಿದರೆ, ಕೌದಿ ಎಂದೇನು ನಿಸ್ಸಂಶಯವಾಗಿ. ಅಜ್ಜಿಯ, ತಾಯಿಯ ಹಳೆಯ ಸೀರೆಗಳನ್ನು ಪದರಪದರವಾಗಿ ಸೇರಿಸಿ ಹೊಲಿದ ಕೌದಿಯು ಧಾರವಾಡದ ಮಳೆಗಾಲದ ಥಂಡಿಗೂ ಬೆಂಗಳೂರಿನ ಮಾರ್ಗಶಿರದ ಚಳಿಗೂ ತಕ್ಕುದಾಗಿದ್ದು, ಹಾಸಲೂ ಹೊದೆಯಲೂ ಬರುತ್ತದೆ, ಒಗೆದಷ್ಟೂ ಮೆತ್ತಗಾಗುತ್ತದೆ. ದೂರದ ಊರಿನಲ್ಲಿ ಗುರುಗಳಿಗೋ ಗೆಳೆಯರಿಗೋ ಕೊಡಲು ಮಗು ಏನನ್ನಾದರೂ ಕೇಳಿದರೆ, ನಮ್ಮದೇ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರು ಹಗುರವಾದ ಮರದಲ್ಲಿ ಕೆತ್ತಿ ಬಣ್ಣ ಬರೆದ ಗೊಂಬೆಗಿಂತ ಉಚಿತವಾದುದು ತೋರದು. ಭೌಗೋಳಿಕ ಸೂಚಕದ ಮನ್ನಣೆಯುಳ್ಳ ಈ ಕಲೆ ಉಳಿದಿರುವುದು ಕೊಳ್ಳುವವರಿಂದಲೇ. ವಿದ್ಯುತ್ ಒಲೆ, ನೀರು ಕಾಯಿಸುವ ಕೆಟಲು ಮುಂತಾದುವನ್ನು ಅನೇಕ ಹಾಸ್ಟೆಲುಗಳು ನಿಷೇಧಿಸಿರುವುದರಿಂದ ಮೊದಲು ವಿಚಾರಿಸಿ ಕೊಳ್ಳತಕ್ಕದ್ದು. ಔಷಧಗಳ ವಿಷಯದಲ್ಲಿ ಓಆರ್‌ಎಸ್ ಪೊಟ್ಟಣ, ಥರ್ಮಾಮೀಟರು, ವೈದ್ಯರು ಮೊದಲೇ ಬರೆದುಕೊಟ್ಟಿರುವ ಗುಳಿಗೆಗಳು ಇವಿಷ್ಟು ಸಾಕು; ಮನೆಯಲ್ಲಿ ಉಳಿದುಹೋದ ಆಂಟಿಬಯಾಟಿಕ್ ಗುಳಿಗೆಗಳನ್ನು 'ಇರಲಿ' ಎಂದು ಸೇರಿಸುವುದು ಅಪಾಯ.

ಕಳುಹುವ ಸಾಧನಗಳಲ್ಲಿ ಬಸ್ಸಿನದೇ ಅಗ್ರಸ್ಥಾನ. ಆದರೆ ಕಂಡಕ್ಟರನು ಗಂಟನ್ನು ಒಯ್ಯುವುದು ದಾಕ್ಷಿಣ್ಯದಿಂದಲೇ ಹೊರತು ಕರ್ತವ್ಯದಿಂದಲ್ಲವೆಂಬುದನ್ನು ನಾವು ಮರೆಯಬಾರದು. ಬಸ್ಸಿನ ನಂಬರನ್ನೂ ಹೊರಟ ವೇಳೆಯನ್ನೂ ಕೂಡಲೇ ಮಗನಿಗೆ ಫೋನು ಮಾಡಿ ತಿಳಿಸಬೇಕು. ಬಸ್ಸು ನಿಲ್ದಾಣ ಸೇರುವ ಮೊದಲೇ ಅವನು ಅಲ್ಲಿರಬೇಕು. ತಡವಾಗಿ ಹೋಗಿ, ಬಸ್ಸು ಡಿಪೋ ಸೇರಿದ ಮೇಲೆ ಬುತ್ತಿಯನ್ನು ಹುಡುಕುವ ಸಂಕಟ ಅನುಭವಿಸಿದವರಿಗೇ ಗೊತ್ತು. ಗಂಟಿನ ಬಟ್ಟೆಯ ಮೇಲೆ ಹೆಸರನ್ನೂ ಮೊಬೈಲ್ ಸಂಖ್ಯೆಯನ್ನೂ ಅಳಿಯದ ಮಸಿಯಿಂದ ಬರೆಯಬೇಕು, ಏಕೆಂದರೆ ಒಂದೇ ಬಸ್ಸಿನಲ್ಲಿ ಹತ್ತು ಬಿಳಿಯ ಗಂಟುಗಳಿರುವುದು ಅಪೂರ್ವವಲ್ಲ. ಬೆಲೆಬಾಳುವ ಅಥವಾ ಭಾರವಾದ ಸಾಮಾನುಗಳಿದ್ದರೆ ಬಸ್ ನಿಲ್ದಾಣದ ಪಾರ್ಸೆಲ್ ಕೌಂಟರಿನಲ್ಲಿಯೋ ಖಾಸಗಿ ಪಾರ್ಸೆಲ್ ಕಚೇರಿಯಲ್ಲಿಯೋ ರಸೀದಿ ಪಡೆದು ಕಳುಹುವುದು ಕ್ಷೇಮ.

2023ರ ಜೂನ್ 11ರಂದು ರಾಜ್ಯ ಸರ್ಕಾರದ ಶಕ್ತಿ ಯೋಜನೆ ಆರಂಭವಾದ ಮೇಲೆ ಇನ್ನೊಂದು ದಾರಿಯೂ ತೆರೆದಿದೆ. ಸಾರಿಗೆ ನಿಗಮದ ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟಿನ ಹಣವಿಲ್ಲವಾದುದರಿಂದ, ಬುತ್ತಿಯನ್ನು ಮಾತ್ರ ಬಸ್ಸಿಗೇರಿಸಿ ಹಿಂತಿರುಗುತ್ತಿದ್ದ ತಾಯಿ ಈಗ ಗುರುತಿನ ಚೀಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ತಾನೇ ಬುತ್ತಿಯೊಡನೆ ಹೋಗಿ ಬರಬಲ್ಲಳು. ಎರಡು ತಿಂಗಳಿಗೊಮ್ಮೆಯಾದರೂ ಹೀಗೆ ಹೋಗುವುದು ಒಳಿತು. ಫೋನಿನಲ್ಲಿ "ಆರಾಮ ಅದೀನಿ ಯವ್ವಾ" ಎನ್ನುವ ಮಗನ ಮುಖ ನಿಜವಾಗಿ ಆರಾಮವಿದೆಯೇ ಎಂಬುದು ಎದುರು ನಿಂತು ನೋಡಿದಾಗಲೇ ತಿಳಿಯುವುದು.

ಬಸ್ಸಿನ ನೇರ ಸಂಪರ್ಕವಿಲ್ಲದ ದೂರದ ಊರುಗಳಿಗೆ ಅಂಚೆಯ ಸ್ಪೀಡ್ ಪೋಸ್ಟ್ ಪಾರ್ಸೆಲನ್ನು ಆಶ್ರಯಿಸಬೇಕು. ಅಲ್ಲಿ ವಿಳಾಸವೇ ಪ್ರಾಣ: ವಿದ್ಯಾರ್ಥಿಯ ಹೆಸರು, ಕೋಣೆಯ ಸಂಖ್ಯೆ, ಹಾಸ್ಟೆಲು, ಕಾಲೇಜು, ಊರು, ಆರಂಕಿಯ ಪಿನ್ ಕೋಡ್, ಮೊಬೈಲ್ ಸಂಖ್ಯೆ ಇವೆಲ್ಲವನ್ನೂ ಪೆಟ್ಟಿಗೆಯ ಮೇಲೆ ಬರೆದುದಲ್ಲದೆ ಒಳಗೂ ಒಂದು ಚೀಟಿಯಲ್ಲಿ ಬರೆದಿಡಬೇಕು, ಹೊರಗಿನ ಕಾಗದ ಹರಿದರೂ ಒಳಗಿನದು ಉಳಿಯುತ್ತದೆ. ಪೆಟ್ಟಿಗೆಯನ್ನು ತುಂಬಿದ ಮೇಲೆ ಅಲುಗಾಡಿಸಿ ನೋಡಿ. ಸದ್ದು ಬಂದರೆ ಬಿಚ್ಚಿ ಮತ್ತೆ ತುಂಬಿ. ನೋಟುಗಳನ್ನು ಚಟ್ನಿಯ ಡಬ್ಬಿಯಡಿ ಬಚ್ಚಿಡುವ ಹಳೆಯ ಜಾಣ್ಮೆ ಬೇಡ. ವಿಮೆ ಮಾಡಿಸದ ಅಂಚೆಯಲ್ಲಿ ಹಣವನ್ನಿಡುವುದು ನಿಯಮಕ್ಕೂ ವಿರುದ್ಧ, ಫೋನಿನಿಂದಲೇ ಹಣ ಕಳುಹಬಹುದಾದ ಈ ಕಾಲದಲ್ಲಿ ಅನಾವಶ್ಯಕವೂ ಹೌದು. ವಿದೇಶಗಳಲ್ಲಿ ಓದುವವರಿಗೆ ಕಳುಹುವವರು ಆಯಾ ದೇಶದ ನಿಯಮಗಳನ್ನು ಮೊದಲು ತಿಳಿಯಬೇಕು. ಆಸ್ಟ್ರೇಲಿಯವಂತೂ ಬೀಜ, ಕಾಳು, ಹಾಲಿನ ಪದಾರ್ಥಗಳ ವಿಷಯದಲ್ಲಿ ಅತ್ಯಂತ ಕಟ್ಟುನಿಟ್ಟಿನದು, ಒಯ್ಯುವ ಆಹಾರವನ್ನೆಲ್ಲ ಘೋಷಿಸಲೇಬೇಕು.

ಯಾವಾಗ ಕಳುಹಬೇಕೆಂಬುದೂ ಏನು ಕಳುಹಬೇಕೆಂಬುದರಷ್ಟೇ ಮುಖ್ಯ. ಭಾನುವಾರ ಸಂಜೆ ಅನೇಕ ಮೆಸ್ಸುಗಳು ಮುಚ್ಚಿರುವುದರಿಂದ ಬುತ್ತಿಯು ಶನಿವಾರ ರಾತ್ರಿಯೋ ಭಾನುವಾರ ಬೆಳಿಗ್ಗೆಯೋ ಕೈಸೇರುವಂತಿದ್ದರೆ ಅದರ ಬೆಲೆ ಇಮ್ಮಡಿ. ನಾಗರಪಂಚಮಿಯ ಉಂಡಿಗಳು ಹಬ್ಬದ ಹಿಂದಿನ ದಿನವೇ ತಲುಪಬೇಕಲ್ಲದೆ ಹಬ್ಬ ಕಳೆದ ನಾಲ್ಕನೆಯ ದಿನವಲ್ಲ. ರಜೆಯಿಲ್ಲದೆ ಹಾಸ್ಟೆಲಿನಲ್ಲಿಯೇ ಉಳಿದ ಹುಡುಗಿಗೆ ಆ ಒಂದು ದಿನದ ಅಂತರವೇ ಬಹಳ ದೊಡ್ಡದು. ಪರೀಕ್ಷೆಯ ವಾರಗಳಲ್ಲಿ ಎಣ್ಣೆಯ ಪದಾರ್ಥಗಳನ್ನು ಕಡಿಮೆ ಮಾಡಿ, ರಾತ್ರಿ ಓದುವಾಗ ಬಾಯಾಡಿಸಲು ಹುರಿದ ಶೇಂಗಾ, ಪುಟಾಣಿ, ಬೆಲ್ಲ ಕಳುಹಿದರೆ ಸಾಕು.

ಬುತ್ತಿಯೊಳಗೆ ನಾಲ್ಕು ಸಾಲಿನ ಕಾಗದವೊಂದಿರಲಿ. ತಾಯಿಗೆ ಬರೆಯಲು ಬಾರದಿದ್ದರೆ ತಂಗಿಯ ಕೈಯಿಂದ ಬರೆಸಲಿ: ಎಮ್ಮೆ ಈದದ್ದು, ಕಡಲೆ ಬಿತ್ತಿದ್ದು, ಓಣಿಯಲ್ಲಿ ಯಾರ ಮದುವೆ ನಿಶ್ಚಯವಾಯಿತೆಂಬುದು. ಅಂಕಗಳ ಪ್ರಸ್ತಾಪ ಅದರಲ್ಲಿ ಬೇಡ, ಪಕ್ಕದ ಮನೆಯ ಹುಡುಗನಿಗೆ ನೌಕರಿಯಾದ ಸುದ್ದಿಯಂತೂ ಬೇಡವೇ ಬೇಡ. ಅವೆರಡನ್ನೂ ಹೇಳಲು ಫೋನಿದೆ, ಹೇಳುವವರೂ ಬೇಕಾದಷ್ಟಿದ್ದಾರೆ.

ಬುತ್ತಿ ಪಡೆಯುವ ಮಕ್ಕಳಿಗೂ ಒಂದು ಮಾತು. ಗಂಟು ಕೈಸೇರಿದೊಡನೆ ಮನೆಗೆ ಫೋನು ಮಾಡಿ. ಏನು ಕೆಟ್ಟಿತು, ಏನು ಉಳಿಯಿತು, ಯಾವುದು ಮೊದಲು ಖರ್ಚಾಯಿತು ಎಂಬುದನ್ನು ಸಂಕೋಚವಿಲ್ಲದೆ ತಿಳಿಸಿ, ಇಲ್ಲವಾದರೆ ಮುಂದಿನ ಬುತ್ತಿಯೂ ಹಾಗೆಯೇ ಬಂದೀತು. ಡಬ್ಬಿಗಳನ್ನು ತೊಳೆದು ಒರೆಸಿ, ಬಟ್ಟೆಯನ್ನು ಒಗೆದು ಒಣಗಿಸಿ, ಊರ ಕಡೆಗೆ ಹೋಗುವ ಬಸ್ಸಿನಲ್ಲಿ ವಾರದೊಳಗೆ ಹಿಂದಕ್ಕೆ ಕಳುಹಿಸಿ. ಮನೆಯಲ್ಲಿರುವ ಒಳ್ಳೆಯ ಡಬ್ಬಿಗಳು ಸಾಮಾನ್ಯವಾಗಿ ಎರಡೋ ಮೂರೋ ಮಾತ್ರ.